ಉತ್ತರದ ತಾಳೆ: ಏಕಕಾಲಿಕ ಸಮೀಕರಣಗಳ ಪರೀಕ್ಷಾಕ್ರಮ

ಲೆಕ್ಕ ಮಾಡುವುದು ಒಂದು ವಿದ್ಯೆ. ಮಾಡಿದ ಲೆಕ್ಕ ಸರಿಯಾಗಿದೆಯೇ ಎಂದು ತಾಳೆ ನೋಡುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ದೊರೆಯುವ ಮನ್ನಣೆ ಎರಡನೆಯದಕ್ಕೆ ದೊರೆಯುವುದು ವಿರಳ. ಅಕ್ಕಸಾಲಿಗನು ಒರೆಗಲ್ಲಿಗೆ ತಿಕ್ಕಿ ನೋಡದೆ ಚಿನ್ನದ ಬೆಲೆಯನ್ನು ನುಡಿಯುವುದಿಲ್ಲ. ಛಂದಸ್ಸನ್ನು ಬಲ್ಲವನು ಗಣವಿಭಾಗ ಮಾಡದೆ ಪದ್ಯದ ಹೆಸರನ್ನು ಹೇಳುವುದಿಲ್ಲ. ಆದರೆ ಗಣಿತದ ತರಗತಿಯಲ್ಲಿ ಮಾತ್ರ ಉತ್ತರ ಬಂದೊಡನೆ ಅದರ ಕೆಳಗೆ ಎರಡು ಗೆರೆಗಳನ್ನೆಳೆದು ಪುಟ ಮಗುಚುವುದೇ ರೂಢಿಯಾಗಿದೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಓದುವ, ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಜೋಡಿಯ ಪಾಠವು ಈ ರೂಢಿಯನ್ನು ತಿದ್ದಿಕೊಳ್ಳಲು ಬಹು ಅನುಕೂಲವಾದುದು. ಏಕೆಂದರೆ ಇಲ್ಲಿ ಉತ್ತರವನ್ನು ಕಂಡುಹಿಡಿಯಲು ಅರ್ಧ ಪುಟ ಬೇಕಾದರೆ ಅದನ್ನು ಪರೀಕ್ಷಿಸಲು ಎರಡು ಸಾಲು ಸಾಕು.

ಮಾದಲ ಮತ್ತು ಬೇಲ

ಈ ಪಾಠ ಕನ್ನಡನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. ೮೫೦ರ ಸುಮಾರಿನಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಗ್ರಂಥದ ಆರಂಭದಲ್ಲಿಯೇ ಆ ದೊರೆಯ ಪ್ರಶಂಸೆ ಬರುತ್ತದೆ. ಪ್ರೊಫೆಸರ್ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದ ಈ ಕೃತಿ ೧೯೧೨ರಲ್ಲಿ ಮದರಾಸಿನಿಂದ ಪ್ರಕಟವಾಯಿತು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದ ಗ್ರಂಥಗಳನ್ನು ಬರೆದು ಗಣಿತವನ್ನು ನಾಡನುಡಿಗೆ ತಂದನು. ಹೀಗೆ ಸಾವಿರ ವರ್ಷಗಳ ಹಿಂದೆಯೇ ಈ ನೆಲದಲ್ಲಿ ಸಂತೆಯ ವ್ಯವಹಾರವೂ ಶಾಸ್ತ್ರದ ಸೂತ್ರವೂ ಒಂದೇ ಪಾಟಿಯ ಮೇಲೆ ಕೂಡಿದ್ದವು.

‘ಗಣಿತಸಾರಸಂಗ್ರಹ’ದ ಮಿಶ್ರಕವ್ಯವಹಾರವೆಂಬ ಪ್ರಕರಣದಲ್ಲಿ ಬರುವ ಒಂದು ಲೆಕ್ಕದ ತಾತ್ಪರ್ಯವಿದು: ಒಂಬತ್ತು ಮಾದಲ ಹಣ್ಣುಗಳಿಗೂ ಏಳು ಬೇಲದ ಹಣ್ಣುಗಳಿಗೂ ಸೇರಿ ಬೆಲೆ ೧೦೭, ಏಳು ಮಾದಲಕ್ಕೂ ಒಂಬತ್ತು ಬೇಲಕ್ಕೂ ಸೇರಿ ಬೆಲೆ ೧೦೧. ಒಂದೊಂದು ಹಣ್ಣಿನ ಬೆಲೆ ಎಷ್ಟು?

ಬೆಲೆ ತಿಳಿಯದ ವಸ್ತುಗಳಿಗೆ ಸಂಕೇತವಾಗಿ ಅಕ್ಷರಗಳನ್ನಿಡುವುದು ಬೀಜಗಣಿತದ ಪದ್ಧತಿ. ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಮೊದಲ ಅವ್ಯಕ್ತಕ್ಕೆ ಯಾವತ್ತಾವತ್ ಎಂದೂ ಮುಂದಿನವುಗಳಿಗೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರುಗಳೂ ಇದ್ದು, ಅವುಗಳ ಮೊದಲಕ್ಷರಗಳಾದ ಯಾ, ಕಾ, ನೀ, ಪೀ ಎಂಬವನ್ನೇ ಬರೆಯುವ ಕ್ರಮವಿದೆ. ‘ವರ್ಣ’ವೆಂಬ ಶಬ್ದಕ್ಕೆ ಬಣ್ಣವೆಂದೂ ಅಕ್ಷರವೆಂದೂ ಎರಡರ್ಥವಿರುವುದು ಇಲ್ಲಿ ಸೊಗಸಾಗಿ ಒದಗಿಬರುತ್ತದೆ. ಅದೇ ಕ್ರಮದಲ್ಲಿ ಒಂದು ಮಾದಲದ ಬೆಲೆಯನ್ನು ‘ಮಾ’ ಎಂದೂ ಒಂದು ಬೇಲದ ಬೆಲೆಯನ್ನು ‘ಬೇ’ ಎಂದೂ ಇಟ್ಟುಕೊಂಡರೆ ಸಮೀಕರಣಗಳು ಹೀಗಾಗುತ್ತವೆ:

೯ ಮಾ + ೭ ಬೇ = ೧೦೭
೭ ಮಾ + ೯ ಬೇ = ೧೦೧

ಆಚಾರ್ಯರ ಸೂತ್ರದಂತೆ, ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದಲೂ ಚಿಕ್ಕ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ ಕಳೆದರೆ ೯೬೩ರಲ್ಲಿ ೭೦೭ ಹೋಗಿ ೨೫೬ ಉಳಿಯುತ್ತದೆ. ಒಂಬತ್ತರ ವರ್ಗದಲ್ಲಿ ಏಳರ ವರ್ಗವನ್ನು ಕಳೆದರೆ ೩೨. ಭಾಗಿಸಿದರೆ ಮಾದಲದ ಬೆಲೆ ೮. ಚಿಕ್ಕ ಮೊತ್ತವನ್ನು ಒಂಬತ್ತರಿಂದಲೂ ದೊಡ್ಡ ಮೊತ್ತವನ್ನು ಏಳರಿಂದಲೂ ಗುಣಿಸಿ ಕಳೆದರೆ ೯೦೯ರಲ್ಲಿ ೭೪೯ ಹೋಗಿ ೧೬೦. ಅದನ್ನು ೩೨ರಿಂದ ಭಾಗಿಸಿದರೆ ಬೇಲದ ಬೆಲೆ ೫. ಉತ್ತರ ಬಂದಿತು. ಆದರೆ ಕೆಲಸ ಮುಗಿಯಲಿಲ್ಲ; ಪರೀಕ್ಷೆ ಇಲ್ಲಿಂದ ಮೊದಲಾಗುತ್ತದೆ.

ಆದೇಶವೆಂಬ ಕ್ರಿಯೆ

ಪರೀಕ್ಷೆಯ ವಿಧಾನ ಬಹು ಸರಳ. ಅಕ್ಷರವಿದ್ದ ಸ್ಥಾನದಲ್ಲಿ ಅಕ್ಷರವನ್ನು ತೆಗೆದು ಸಂಖ್ಯೆಯನ್ನಿಡಬೇಕು. ಇದಕ್ಕೆ ಗಣಿತದ ಪುಸ್ತಕಗಳಲ್ಲಿ ‘ಆದೇಶಿಸುವುದು’ ಎಂದು ಹೆಸರು. ವ್ಯಾಕರಣವನ್ನು ಓದಿದವರಿಗೆ ಈ ಶಬ್ದ ಅಪರಿಚಿತವಲ್ಲ. ‘ಮಳೆ’ ಎಂಬುದರ ಮುಂದೆ ‘ಕಾಲ’ ಬಂದಾಗ ಕಕಾರ ಹೋಗಿ ಅದರ ಸ್ಥಾನದಲ್ಲಿ ಗಕಾರ ಬಂದು ‘ಮಳೆಗಾಲ’ವಾಗುವುದು ಆದೇಶಸಂಧಿ. ಒಂದು ಹೋಗಿ ಅದೇ ಸ್ಥಾನದಲ್ಲಿ ಮತ್ತೊಂದು ಬರುವುದೇ ಎರಡೂ ಕಡೆಯ ತತ್ತ್ವ. ಆದರೆ ಗಣಿತದಲ್ಲಿ ಒಂದು ನಿಯಮ ಹೆಚ್ಚು: ಒಂದು ಅಕ್ಷರಕ್ಕೆ ಒಂದು ಬೆಲೆಯನ್ನು ಆದೇಶಿಸಿದರೆ ಆ ಅಕ್ಷರ ಬಂದಲ್ಲೆಲ್ಲ, ಎಲ್ಲ ಸಮೀಕರಣಗಳಲ್ಲಿಯೂ, ಅದೇ ಬೆಲೆಯನ್ನೇ ಇಡಬೇಕು. ‘ಏಕಕಾಲಿಕ’ ಎಂಬ ವಿಶೇಷಣದ ಅಭಿಪ್ರಾಯ ಇದೇ.

ಮಾ = ೮, ಬೇ = ೫ ಎಂದು ಆದೇಶಿಸಿದರೆ ಮೊದಲನೆಯದರಲ್ಲಿ ೭೨ + ೩೫ = ೧೦೭; ಎರಡನೆಯದರಲ್ಲಿ ೫೬ + ೪೫ = ೧೦೧. ಎರಡೂ ತಾಳೆಯಾದುವು. ಆದುದರಿಂದ (೮, ೫) ಎಂಬ ಬಿಂದು ಈ ಜೋಡಿಗೆ ಪರಿಹಾರ.

ಈಗ (೧, ೧೪) ಎಂಬುದನ್ನು ಯಾರಾದರೂ ಉತ್ತರವೆಂದು ತಂದರೆಂದು ಭಾವಿಸೋಣ. ಮೊದಲನೆಯದರಲ್ಲಿ ೯ + ೯೮ = ೧೦೭; ಸರಿಯಾಯಿತು. ಇಲ್ಲಿಗೇ ನಿಲ್ಲಿಸಿದವನು ಮೋಸಹೋಗುತ್ತಾನೆ. ಎರಡನೆಯದರಲ್ಲಿ ೭ + ೧೨೬ = ೧೩೩; ಬೇಕಾದುದು ೧೦೧. ಹಾಗೆಯೇ ಮಾದಲಕ್ಕೆ ಮೂರೂವರೆ, ಬೇಲಕ್ಕೆ ಎಂಟೂವರೆ ಎಂದರೆ ಎರಡನೆಯ ಸಮೀಕರಣದಲ್ಲಿ ಇಪ್ಪತ್ತನಾಲ್ಕೂವರೆಗೆ ಎಪ್ಪತ್ತಾರೂವರೆ ಸೇರಿ ೧೦೧ ಸರಿಯಾಗಿ ಬರುತ್ತದೆ. ಮೊದಲನೆಯದರಲ್ಲಿ ಮಾತ್ರ ೯೧ ಬಂದು ಸೋಲುತ್ತದೆ. ಒಂದು ಸಮೀಕರಣವನ್ನು ತೃಪ್ತಿಪಡಿಸುವ ಬಿಂದುಗಳು ಅನಂತ. ಆದಕಾರಣ ಒಂದೇ ಒಂದು ಸಮೀಕರಣವು ಒಪ್ಪಿತೆಂಬುದು ಯಾವ ಉತ್ತರಕ್ಕೂ ಪ್ರಮಾಣಪತ್ರವಾಗದು. ಆದರೆ ಒಂದು ಒಪ್ಪದೆ ಹೋದರೂ ತಿರಸ್ಕಾರಕ್ಕೆ ಸಾಕು.

ದಾರಿಗಳು ಕೂಡುವ ಸ್ಥಳ

ಸಮೀಕರಣವನ್ನು ನಕ್ಷಾಕಾಗದದ ಮೇಲೆ ಸರಳರೇಖೆಯಾಗಿ ಎಳೆಯಬಹುದು. ಬೀಜಗಣಿತವನ್ನೂ ರೇಖಾಗಣಿತವನ್ನೂ ಹೀಗೆ ಬೆಸೆದ ಕೀರ್ತಿಯಲ್ಲಿ ಫ್ರಾನ್ಸಿನ ದೆಕಾರ್ತನಿಗೆ ದೊಡ್ಡ ಪಾಲು. ಅವನ ಜ್ಯಾಮಿತಿಯ ಗ್ರಂಥ ೧೬೩೭ರಲ್ಲಿ ಹೊರಬಂದಿತು. ಇದನ್ನು ಬೆಂಗಳೂರಿನ ಉತ್ತರಭಾಗದ ವಿದ್ಯಾರ್ಥಿಗಳು ತಮ್ಮ ದಿನದ ದಾರಿಯಲ್ಲಿಯೇ ಕಾಣಬಹುದು. ಬಳ್ಳಾರಿ ರಸ್ತೆಯನ್ನು ಒಂದು ರೇಖೆಯೆಂದೂ ಹೊರವರ್ತುಲ ರಸ್ತೆಯನ್ನು ಇನ್ನೊಂದು ರೇಖೆಯೆಂದೂ ಭಾವಿಸಿದರೆ ಎರಡೂ ಸಂಧಿಸುವ ಸ್ಥಳ ಹೆಬ್ಬಾಳ. ಮೇಖ್ರಿ ವೃತ್ತವು ಬಳ್ಳಾರಿ ರಸ್ತೆಯ ಮೇಲಿದೆ, ಹೊರವರ್ತುಲ ರಸ್ತೆಯ ಮೇಲಿಲ್ಲ. ಯಶವಂತಪುರದ ಆಚೆಯ ಗೊರಗುಂಟೆಪಾಳ್ಯವು ಹೊರವರ್ತುಲ ರಸ್ತೆಯ ಮೇಲಿದೆ, ಬಳ್ಳಾರಿ ರಸ್ತೆಯ ಮೇಲಿಲ್ಲ. ಆರ್.ಟಿ. ನಗರದ ಒಳಗಿನ ಬೀದಿಗಳು ಎರಡರ ಮೇಲೂ ಇಲ್ಲ. ಪರೀಕ್ಷೆಗೆ ಬಂದ ಯಾವ ಬಿಂದುವಾದರೂ ಈ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರಲೇಬೇಕು. ಪರಿಹಾರವೆನ್ನಿಸಿಕೊಳ್ಳುವ ಅರ್ಹತೆ ಹೆಬ್ಬಾಳದಂಥ ಸ್ಥಾನಕ್ಕೆ ಮಾತ್ರ.

ಇನ್ನು ಬಿಂದುವನ್ನು ಬರೆಯುವ ಕ್ರಮದ ವಿಚಾರ. (೮, ೫) ಎಂಬುದನ್ನು (೫, ೮) ಎಂದು ಬರೆದರೆ ಏನಾಗುತ್ತದೆ? ಮೊದಲನೆಯ ಸಮೀಕರಣದಲ್ಲಿ ೪೫ + ೫೬ = ೧೦೧; ಎರಡನೆಯದರಲ್ಲಿ ೩೫ + ೭೨ = ೧೦೭. ಪ್ರಶ್ನೆಯಲ್ಲಿದ್ದ ಎರಡು ಮೊತ್ತಗಳೇ ಕಣ್ಣಿಗೆ ಬೀಳುತ್ತವೆ, ಆದರೆ ಅದಲುಬದಲಾಗಿ! ಅವಸರದಲ್ಲಿ ನೋಡಿದವನು ಸರಿಯೆಂದು ತೃಪ್ತನಾಗುವ ಸಂಭವ ಹೆಚ್ಚು. ಕನ್ನಡದ ವಾಕ್ಯದಲ್ಲಿ ‘ರಾಮನು ರಾವಣನನ್ನು ಕೊಂದನು’ ಎಂದರೂ ‘ರಾವಣನನ್ನು ರಾಮನು ಕೊಂದನು’ ಎಂದರೂ ಅರ್ಥಹಾನಿಯಿಲ್ಲ. ವಿಭಕ್ತಿಪ್ರತ್ಯಯವು ಕರ್ತೃವನ್ನೂ ಕರ್ಮವನ್ನೂ ಕಾಪಾಡುತ್ತದೆ. ಬಿಂದುವಿನ ನಿರ್ದೇಶಾಂಕಗಳಿಗೆ ಇಂಥ ಪ್ರತ್ಯಯಗಳಿಲ್ಲ. ಅಲ್ಲಿ ಸ್ಥಾನವೇ ವಿಭಕ್ತಿ. ಸ್ಥಾನ ತಪ್ಪಿದರೆ ಮಾದಲದ ಬೆಲೆ ಬೇಲಕ್ಕೆ ಅಂಟುತ್ತದೆ.

ಮೊತ್ತ ಸರಿ, ಲೆಕ್ಕ ತಪ್ಪು

ಪರೀಕ್ಷೆಯನ್ನು ಬೇಗ ಮುಗಿಸುವ ಆಸೆಯಿಂದ ಕೆಲವರು ಎರಡು ಸಮೀಕರಣಗಳನ್ನೂ ಕೂಡಿಸಿ ಒಂದೇ ಸಾರಿ ತಾಳೆ ನೋಡುತ್ತಾರೆ. ಹಣ್ಣಿನ ಲೆಕ್ಕದಲ್ಲಿ ಕೂಡಿಸಿದರೆ ೧೬ ಮಾ + ೧೬ ಬೇ = ೨೦೮; ಅಂದರೆ ಎರಡು ಬೆಲೆಗಳ ಮೊತ್ತ ೧೩. ಈಗ (೧೦, ೩) ಎಂಬ ಬಿಂದುವನ್ನು ನೋಡಬೇಕು. ಹತ್ತು ಮತ್ತು ಮೂರು ಸೇರಿ ಹದಿಮೂರೇ. ಆದರೆ ಮೂಲ ಸಮೀಕರಣಗಳಲ್ಲಿ ಆದೇಶಿಸಿದರೆ ಮೊದಲನೆಯದು ೧೧೧, ಎರಡನೆಯದು ೯೭. ಒಂದು ಕಡೆ ನಾಲ್ಕು ಹೆಚ್ಚು, ಇನ್ನೊಂದು ಕಡೆ ನಾಲ್ಕು ಕಡಿಮೆ. ಒಂದರ ಮಿಗತೆ ಇನ್ನೊಂದರ ಕೊರತೆಯನ್ನು ಮುಚ್ಚಿಹಾಕಿದ್ದರಿಂದ ಒಟ್ಟು ಮೊತ್ತ ನಿರ್ದೋಷಿಯಂತೆ ತೋರುತ್ತದೆ. ಜಮಾಖರ್ಚಿನ ಪುಸ್ತಕವನ್ನು ಪರಿಶೋಧಿಸುವವರು ಕೊನೆಯ ಪುಟದ ಮೊತ್ತವನ್ನು ಮಾತ್ರ ನೋಡದೆ ಒಂದೊಂದು ರಸೀದಿಯನ್ನೂ ನೋಡುವುದು ಇದಕ್ಕಾಗಿಯೇ.

ಛಂದಸ್ಸಿನಲ್ಲಿಯೂ ಇದೇ ನ್ಯಾಯ. ಕಂದಪದ್ಯಕ್ಕೆ ಒಟ್ಟು ಅರುವತ್ತನಾಲ್ಕು ಮಾತ್ರೆಗಳು. ಆದರೆ ನಾಲ್ಕು ಪಾದಗಳಿಗೂ ಹದಿನಾರು ಹದಿನಾರರಂತೆ ಹಂಚಿದರೆ ಮೊತ್ತ ಅರುವತ್ತನಾಲ್ಕಾದರೂ ಅದು ಕಂದವಾಗದು. ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ಹನ್ನೆರಡು, ಎರಡನೆಯ ಮತ್ತು ನಾಲ್ಕನೆಯವುಗಳಲ್ಲಿ ಇಪ್ಪತ್ತು ಮಾತ್ರೆಗಳಿರಬೇಕು. ಪ್ರತಿಯೊಂದು ಅರ್ಧದಲ್ಲಿಯೂ ವಿಷಮಸ್ಥಾನದಲ್ಲಿ ಜಗಣ ಬರಬಾರದು. ಆರನೆಯ ಗಣ ಜಗಣವೋ ಸರ್ವಲಘುವೋ ಆಗಿರಬೇಕು. ಈ ಎಲ್ಲ ನಿಯಮಗಳಿಗೂ ಏಕಕಾಲದಲ್ಲಿ ಒಪ್ಪಿದುದೇ ಕಂದ. ಲಕ್ಷಣಗಳ ಗುಂಪೆಂಬುದು ಒಂದು ಸಮೀಕರಣವ್ಯೂಹ. ಪದ್ಯವು ಪರೀಕ್ಷೆಗೆ ನಿಂತ ಬಿಂದು.

ಎರಡು ಚೀಟಿಗಳು

ಈ ಪರೀಕ್ಷೆ ತಪ್ಪಿದರೆ ಒದಗುವ ಹಾನಿ ಕೇವಲ ಅಂಕಗಳದ್ದಲ್ಲ. ವಿದ್ಯಾರ್ಥಿನಿಲಯವೊಂದಕ್ಕೆ ಯಶವಂತಪುರದ ಮಾರುಕಟ್ಟೆಯಿಂದ ಧಾನ್ಯ ತರಿಸುವ ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಮೊದಲ ಚೀಟಿಯಲ್ಲಿ ರಾಗಿ ಮೂರು ಮೂಟೆ, ಅಕ್ಕಿ ಎರಡು ಮೂಟೆ, ಒಟ್ಟು ರೂ. ೧೦,೮೦೦ ಎಂದಿದೆ. ಎರಡನೆಯದರಲ್ಲಿ ರಾಗಿ ಎರಡು ಮೂಟೆ, ಅಕ್ಕಿ ಐದು ಮೂಟೆ, ಒಟ್ಟು ರೂ. ೧೬,೦೦೦ ಎಂದಿದೆ. ಬಿಡಿಬೆಲೆ ಏನೆಂದು ಕೇಳಿದಾಗ ಗುಮಾಸ್ತನು ರಾಗಿ ರೂ. ೨,೨೦೦, ಅಕ್ಕಿ ರೂ. ೨,೧೦೦ ಎಂದು ಹೇಳುತ್ತಾನೆ. ಮೊದಲ ಚೀಟಿಗೆ ಹಚ್ಚಿ ನೋಡಿದರೆ ೬,೬೦೦ + ೪,೨೦೦ = ೧೦,೮೦೦; ಕಾಸೂ ವ್ಯತ್ಯಾಸವಿಲ್ಲ. ಎರಡನೆಯ ಚೀಟಿಗೆ ಹಚ್ಚಿದರೆ ೪,೪೦೦ + ೧೦,೫೦೦ = ೧೪,೯೦೦; ರೂ. ೧,೧೦೦ರ ವ್ಯತ್ಯಾಸ. ರಾಗಿ ೨,೦೦೦, ಅಕ್ಕಿ ೨,೪೦೦ ಎಂದಿಟ್ಟರೆ ಮಾತ್ರ ೬,೦೦೦ + ೪,೮೦೦ = ೧೦,೮೦೦, ೪,೦೦೦ + ೧೨,೦೦೦ = ೧೬,೦೦೦ ಎಂದು ಎರಡು ಚೀಟಿಗಳೂ ಒಪ್ಪುತ್ತವೆ.

ಇಲ್ಲಿ ವಿವೇಕಕ್ಕೆ ಒಂದು ಕೆಲಸವಿದೆ. ತಾಳೆಯಾಗಲಿಲ್ಲವೆಂದೊಡನೆ ಗುಮಾಸ್ತನನ್ನು ಕಳ್ಳನೆನ್ನುವುದು ಅನ್ಯಾಯ. ಹೇಳಿದ ಬೆಲೆಗಳೂ ಬರೆದ ಚೀಟಿಗಳೂ ಒಟ್ಟಿಗೆ ಸತ್ಯವಾಗಿರಲಾರವು ಎಂಬಷ್ಟನ್ನೇ ಗಣಿತ ಹೇಳುತ್ತದೆ. ಬೆಲೆಯನ್ನು ಮರೆತು ಹೇಳಿರಬಹುದು. ಚೀಟಿಯ ಮೊತ್ತವನ್ನು ಅಂಗಡಿಯವರು ತಪ್ಪಾಗಿ ಬರೆದಿರಬಹುದು. ಎರಡು ಚೀಟಿಗಳ ನಡುವೆ ದಿನಗಳು ಕಳೆದು ಮಾರುಕಟ್ಟೆಯ ದರವೇ ಬದಲಾಗಿರಬಹುದು. ದರ ಬದಲಾಗಿದ್ದರೆ ಎರಡು ಚೀಟಿಗಳೂ ಏಕಕಾಲಿಕವೇ ಅಲ್ಲ. ಒಂದೇ ಜೋಡಿ ಬೆಲೆ ಎರಡಕ್ಕೂ ಹೊಂದಬೇಕೆಂದು ನಿರೀಕ್ಷಿಸಿದ್ದೇ ತಪ್ಪು. ದೋಷವಿದೆಯೆಂದು ತೋರಿಸುವುದು ಪರೀಕ್ಷೆಯ ಅಧಿಕಾರ. ದೋಷ ಯಾರದೆಂದು ನಿರ್ಣಯಿಸುವುದಕ್ಕೆ ಬೇರೆ ವಿಚಾರಣೆ ಬೇಕು. ಒಬ್ಬನ ಅನ್ನ ಮತ್ತು ಮಾನ ಎರಡೂ ಈ ಭೇದವನ್ನು ಅವಲಂಬಿಸಿರುವಾಗ ಇದನ್ನು ಸಣ್ಣ ವಿಷಯವೆನ್ನಲಾಗದು.

ಪರೀಕ್ಷೆಗೆ ಇನ್ನೊಂದು ಮಿತಿಯೂ ಉಂಟು. ಬಿಂದುವು ಪರಿಹಾರವೆಂದು ಸಿದ್ಧವಾದ ಮಾತ್ರಕ್ಕೆ ಅದೊಂದೇ ಪರಿಹಾರವೆಂದು ಸಿದ್ಧವಾಗುವುದಿಲ್ಲ. ಎರಡನೆಯ ಚೀಟಿಯಲ್ಲಿ ರಾಗಿ ಆರು ಮೂಟೆ, ಅಕ್ಕಿ ನಾಲ್ಕು ಮೂಟೆ, ಒಟ್ಟು ರೂ. ೨೧,೬೦೦ ಎಂದಿದ್ದರೆ ಅದು ಮೊದಲ ಚೀಟಿಯನ್ನೇ ಇಮ್ಮಡಿಸಿದ್ದು. ಆಗ ಗುಮಾಸ್ತನು ಹೇಳಿದ ಬೆಲೆಗಳೂ ಒಪ್ಪುತ್ತವೆ, ಬೇರೆ ಅನೇಕ ಬೆಲೆಗಳೂ ಒಪ್ಪುತ್ತವೆ. ಎರಡು ಸಾಕ್ಷಿಗಳು ಒಂದೇ ಮಾತನ್ನು ಕಲಿತು ಬಂದು ಹೇಳಿದರೆ ನ್ಯಾಯಾಲಯಕ್ಕೆ ಒಂದೇ ಸಾಕ್ಷಿ ದೊರೆತಂತೆ. ಅದೇ ಆರು ಮತ್ತು ನಾಲ್ಕು ಮೂಟೆಗಳಿಗೆ ರೂ. ೨೨,೦೦೦ ಎಂದಿದ್ದರೆ ಯಾವ ಬೆಲೆಯೂ ಎರಡಕ್ಕೆ ಒಪ್ಪದು. ನಕ್ಷೆಯಲ್ಲಿ ಅವು ಎಂದೂ ಕೂಡದ ಸಮಾಂತರ ರೇಖೆಗಳು.

ಸ್ವಲ್ಪವೇ ತಪ್ಪಿದ ಉತ್ತರ

ಪರೀಕ್ಷೆಯಲ್ಲಿ ಅತ್ಯಲ್ಪ ವ್ಯತ್ಯಾಸ ಬಂದರೆ ಉತ್ತರವೂ ಸರಿಯಾದುದಕ್ಕೆ ಅತ್ಯಂತ ಸಮೀಪವಿದೆಯೆಂದು ಭಾವಿಸುವುದು ಸಹಜ. ಈ ಭಾವನೆ ಎಲ್ಲ ಕಡೆಯೂ ನಿಲ್ಲುವುದಿಲ್ಲ. ಒಂದು ಜೋಡಿಯನ್ನು ನೋಡಬೇಕು:

೭ ಯಾ + ೧೦ ಕಾ = ೪೧
೧೦ ಯಾ + ೧೪ ಕಾ = ೫೯

ಇಲ್ಲಿ (೩, ೨) ಎಂಬುದನ್ನು ಆದೇಶಿಸಿದರೆ ಮೊದಲನೆಯದು ೨೧ + ೨೦ = ೪೧ ಎಂದು ಸರಿಯಾಗಿ ಬರುತ್ತದೆ. ಎರಡನೆಯದು ೩೦ + ೨೮ = ೫೮; ೫೯ಕ್ಕೆ ಒಂದೇ ಒಂದು ಕಡಿಮೆ. ಒಂದರ ವ್ಯತ್ಯಾಸ ತಾನೇ ಎಂದು ಬಿಟ್ಟುಬಿಡುವವರುಂಟು. ನಿಜವಾದ ಪರಿಹಾರವಾದರೋ ಯಾ = ೮, ಕಾ = ಋಣ ಒಂದೂವರೆ. ತಾಳೆ: ೫೬ರಲ್ಲಿ ೧೫ ಹೋದರೆ ೪೧, ೮೦ರಲ್ಲಿ ೨೧ ಹೋದರೆ ೫೯. ಮೂರೆಲ್ಲಿ, ಎಂಟೆಲ್ಲಿ! ಇದಕ್ಕೆ ಕಾರಣ, ಈ ಎರಡು ರೇಖೆಗಳು ಬಹುಮಟ್ಟಿಗೆ ಸಮಾಂತರವಾಗಿ ಸಾಗಿ ಬಹು ಕಿರಿದಾದ ಕೋನದಲ್ಲಿ ಕೂಡುವುದು. ಅಂಥಲ್ಲಿ ನಕ್ಷಾಕಾಗದದ ಮೇಲೆ ಕಣ್ಣಳತೆಯಿಂದ ಛೇದನಬಿಂದುವನ್ನು ಓದಿ ಬರೆಯುವುದು ಅಪಾಯಕರ. ಸೀಸದಕಡ್ಡಿಯ ಗೆರೆಯ ದಪ್ಪವೇ ಉತ್ತರವನ್ನು ಹಲವು ಮನೆಗಳಾಚೆಗೆ ತಳ್ಳಬಲ್ಲುದು.

ಭೂಮಾಪನ ಮಾಡುವವರು ಇದನ್ನು ಚೆನ್ನಾಗಿ ಬಲ್ಲರು. ತ್ರಿಕೋನಗಳನ್ನು ಹೆಣೆಯುವಾಗ ಅತಿ ಕಿರಿದಾದ ಕೋನಗಳನ್ನು ಅವರು ದೂರವಿಡುವುದು ಇದೇ ಭಯದಿಂದ. ವಿಲಿಯಂ ಲ್ಯಾಂಬ್ಟನ್ ೧೮೦೨ರಲ್ಲಿ ಮದರಾಸಿನ ಬಳಿ ಆಧಾರರೇಖೆಯೊಂದನ್ನು ಅಳೆದು ಅಲ್ಲಿಂದ ಪಶ್ಚಿಮಕ್ಕೆ ತ್ರಿಕೋನಗಳ ಸರಪಳಿಯನ್ನು ತಂದನು. ಆ ಸರಪಳಿ ಸರಿಯಾಗಿದೆಯೇ ಎಂದು ತಿಳಿಯಲು ೧೮೦೪ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೆಯೇ ಅಳೆಯಲಾಯಿತು. ಲೆಕ್ಕದಿಂದ ಬಂದ ಉದ್ದವನ್ನು ಅಳತೆಯಿಂದ ಬಂದ ಉದ್ದದೊಡನೆ ಹೋಲಿಸಿ ನೋಡುವುದೇ ಅದರ ಉದ್ದೇಶ. ಭರತಖಂಡವನ್ನೇ ಅಳೆಯಲು ಹೊರಟವರು ತಮ್ಮ ಗಣಿತವನ್ನು ತಾವೇ ನಂಬಿ ಕೂರದೆ ಈ ನಾಡಿನ ನೆಲವನ್ನು ಸಾಕ್ಷಿಗೆ ಕರೆದರೆಂಬುದು ಸ್ಮರಣೀಯ.

ಅನುಸರಿಸಬೇಕಾದ ಕ್ರಮ

ಮೇಲಿನ ವಿವೇಚನೆಯಿಂದ ವಿದ್ಯಾರ್ಥಿಗಳು ನೆನಪಿಡಬೇಕಾದ ಅಂಶಗಳು ಕೆಲವೇ. ಮೊದಲನೆಯದಾಗಿ, ಪರೀಕ್ಷೆಯನ್ನು ಪ್ರಶ್ನೆಯಲ್ಲಿ ಕೊಟ್ಟ ಮೂಲ ಸಮೀಕರಣಗಳಲ್ಲಿಯೇ ಮಾಡಬೇಕು. ನಡುವೆ ತಾನೇ ಪಡೆದ ಸಮೀಕರಣದಲ್ಲಿ ಮಾಡಿದರೆ ಹಿಂದೆ ನುಸುಳಿದ ತಪ್ಪು ಅಲ್ಲಿಯೂ ಬೆರೆತಿದ್ದು ತನಗೆ ತಾನೇ ಸಾಕ್ಷಿ ನುಡಿಯುತ್ತದೆ. ಎರಡನೆಯದಾಗಿ, ಯಾವ ಅಕ್ಷರಕ್ಕೆ ಯಾವ ಸಂಖ್ಯೆಯೆಂಬುದನ್ನು ಮೊದಲು ಸ್ಪಷ್ಟವಾಗಿ ಬರೆದುಕೊಳ್ಳಬೇಕು. ಮೂರನೆಯದಾಗಿ, ಋಣಸಂಖ್ಯೆಗಳನ್ನು ಆವರಣದೊಳಗಿಟ್ಟು ಆದೇಶಿಸಬೇಕು; ಚಿಹ್ನೆ ಜಾರುವುದು ಹೆಚ್ಚಾಗಿ ಅಲ್ಲಿಯೇ. ನಾಲ್ಕನೆಯದಾಗಿ, ಎಡಭಾಗವನ್ನು ಸ್ವತಂತ್ರವಾಗಿ ಲೆಕ್ಕಹಾಕಿ ಆಮೇಲೆ ಬಲಭಾಗವನ್ನು ನೋಡಬೇಕು. ಬರಬೇಕಾದ ಸಂಖ್ಯೆಯನ್ನು ಮೊದಲೇ ನೋಡಿಕೊಂಡವನ ಕೈ ಅದರತ್ತಲೇ ವಾಲುತ್ತದೆ. ಐದನೆಯದಾಗಿ, ಸಮೀಕರಣಗಳು ಎಷ್ಟಿವೆಯೋ ಅಷ್ಟನ್ನೂ ಒಂದೊಂದಾಗಿ ನೋಡಬೇಕು. ಎರಡರ ಜಾಗದಲ್ಲಿ ಮೂರಿದ್ದರೂ ಹತ್ತಿದ್ದರೂ ನಿಯಮವೊಂದೇ. ಕೊನೆಯದೊಂದು ತಪ್ಪಿದರೂ ಬಿಂದು ಪರಿಹಾರವಲ್ಲ.

ಈ ಪರೀಕ್ಷೆಯ ವಿಶೇಷವೆಂದರೆ ಉತ್ತರ ಎಲ್ಲಿಂದ ಬಂದಿತೆಂದು ಅದು ಕೇಳುವುದಿಲ್ಲ. ಸೂತ್ರದಿಂದ ಬಂದಿರಲಿ, ಊಹೆಯಿಂದ ಬಂದಿರಲಿ, ಪುಸ್ತಕದ ಹಿಂದಿನ ಪುಟದಿಂದಾಗಲಿ ಗಣಕಯಂತ್ರದಿಂದಾಗಲಿ ಬಂದಿರಲಿ, ಎಲ್ಲಕ್ಕೂ ಒಂದೇ ಒರೆಗಲ್ಲು. ತರಗತಿಯ ಅತಿ ಬುದ್ಧಿವಂತನು ಹೇಳಿದ ಉತ್ತರವೂ ಹಿಂದಿನ ಸಾಲಿನಲ್ಲಿ ಅಂಜುತ್ತ ಕುಳಿತವನ ಉತ್ತರವೂ ಇದರ ಮುಂದೆ ಸಮಾನ. ಗುರುಗಳು ಸರಿಯೆನ್ನುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲಿಲ್ಲ. ಎರಡು ಸಾಲಿನ ಗುಣಾಕಾರ, ಸಂಕಲನ ಬಲ್ಲವನು ತನ್ನ ಉತ್ತರದ ಸತ್ಯಾಸತ್ಯವನ್ನು ತಾನೇ ಅರಿಯಬಲ್ಲನು. ಈ ಸ್ವಾವಲಂಬನೆ ಶಾಲೆಯ ಕೋಣೆಯಲ್ಲಿ ಅಭ್ಯಾಸವಾದರೆ ಮುಂದೆ ಅಂಗಡಿಯ ಚೀಟಿ, ಬ್ಯಾಂಕಿನ ಪುಸ್ತಕ, ಜಮೀನಿನ ಅಳತೆ ಎದುರಾದಾಗ ತನ್ನ ಹಕ್ಕನ್ನು ಕಾಯ್ದುಕೊಳ್ಳಲೂ ಪರರ ಮೇಲೆ ಸುಳ್ಳು ದೋಷ ಹೊರಿಸದಿರಲೂ ನೆರವಾಗುತ್ತದೆ. ಉತ್ತರಪತ್ರಿಕೆಯಲ್ಲಿ ‘ತಾಳೆ’ ಎಂದು ಬರೆದು ಅದರ ಕೆಳಗೆ ಎರಡು ಸಾಲು ಲೆಕ್ಕ ಮಾಡುವುದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷಗಳನ್ನು ಪ್ರತಿಯೊಂದು ಲೆಕ್ಕಕ್ಕೂ ತಪ್ಪದೆ ಸಲ್ಲಿಸುವುದು ವಿದ್ಯಾರ್ಥಿಗಳಿಗೆ ಶ್ರೇಯಸ್ಕರ.